ಒಂದು ಪದಕ್ಕೆ ರಾಯಭಾರಿಗೇ ಬುಲಾವ್: ಇಸ್ರೇಲ್–ಪ್ಯಾಲೆಸ್ತೀನ್ ವಿಷಯದಲ್ಲಿ ರಾಜಕಾರಣಿಗಳ ಮಾತು ಯಾಕೆ ಇಷ್ಟು ಚುಚ್ಚುತ್ತದೆ?

ಡಬ್ಲಿನ್ ಮಂಗಳೂರು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿನಲ್ಲಿ ನರ್ಸ್. ಇಲ್ಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಗಾಜಾ ಸುದ್ದಿ ಬಂದರೆ ಟೇಬಲ್ಲು ಎರಡಾಗುತ್ತದೆ. ಅದಕ್ಕೇ ಒಂದು ಪ್ರಸಂಗವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

2023ರ ನವೆಂಬರ್ 25. ಕದನವಿರಾಮದ ಒಪ್ಪಂದದಂತೆ ಹಮಾಸ್ ಕೆಲವು ಒತ್ತೆಯಾಳುಗಳನ್ನು ಬಿಟ್ಟಿತು. ಅವರಲ್ಲಿ ಒಬ್ಬಳು ಐರಿಷ್-ಇಸ್ರೇಲಿ ಹುಡುಗಿ. ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನ ಮೇಲೆ ದಾಳಿ ಮಾಡಿದಾಗ, ಬೇರಿ ಎಂಬ ಕಿಬ್ಬುತ್ಸ್‌ನಿಂದ (ಇಸ್ರೇಲಿನ ಸಾಮೂಹಿಕ ಕೃಷಿಯ ಹಳ್ಳಿ) ಅವಳನ್ನು ಎತ್ತಿಕೊಂಡು ಹೋಗಿದ್ದರು. ಮೊದಲು ಅವಳ ಅಪ್ಪನಿಗೆ, ಮಗಳು ಸತ್ತುಹೋದಳು ಅಂತಲೇ ತಿಳಿಸಿದ್ದರು. ಎಷ್ಟೋ ದಿನಗಳ ನಂತರ, ಇಲ್ಲ, ಬದುಕಿರಬಹುದು, ಒತ್ತೆಯಲ್ಲಿರಬಹುದು ಎಂಬ ಸುದ್ದಿ ಬಂತು. ಅವಳಿಗೆ ಒಂಬತ್ತು ತುಂಬಿದ್ದು ಒತ್ತೆಯಲ್ಲಿದ್ದಾಗಲೇ.

ಅವಳು ಬಿಡುಗಡೆಯಾದ ರಾತ್ರಿ ಇಲ್ಲಿನ ಆಗಿನ ಪ್ರಧಾನಿ ಲಿಯೋ ವರಾಡ್ಕರ್ ಒಂದು ಹೇಳಿಕೆ ಕೊಟ್ಟರು. ಕಳೆದುಹೋಗಿದ್ದ ಮುಗ್ಧ ಮಗುವೊಂದು ಈಗ ಸಿಕ್ಕಿದೆ, ಮನೆಗೆ ಮರಳಿದೆ, ನಮ್ಮ ಪ್ರಾರ್ಥನೆ ಫಲಿಸಿತು ಎಂಬ ಅರ್ಥದ ಮಾತು. ಮರುದಿನ ಇಸ್ರೇಲಿನ ಆಗಿನ ವಿದೇಶಾಂಗ ಸಚಿವ ಎಲಿ ಕೋಹೆನ್ ಕೆಂಡವಾದರು. ಹುಡುಗಿ ಕಳೆದುಹೋಗಿರಲಿಲ್ಲ, ಅವಳನ್ನು ಅಪಹರಿಸಿದ್ದರು ಅಂದರು. ಐರ್ಲೆಂಡಿನ ರಾಯಭಾರಿಯನ್ನು ಕರೆಸಿ ಆಕ್ಷೇಪ ಸಲ್ಲಿಸಿದರು.

ನಾವು ಕಥೋಲಿಕರಿಗೆ ಆ ಮಾತು ಎಲ್ಲಿಂದ ಬಂತು ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ಲೂಕನ ಸುವಾರ್ತೆಯಲ್ಲಿ ದುಂದುಗಾರ ಮಗ ವಾಪಸ್ ಬಂದಾಗ ಅಪ್ಪ ಹೇಳುವ ಮಾತು ಅದು: ಕಳೆದುಹೋಗಿದ್ದ, ಸಿಕ್ಕಿದ. ಐರ್ಲೆಂಡಿನಲ್ಲಿ ಯಾರಿಗೂ ಅದು ಕೊಂಕಾಗಿ ಕೇಳಿಸುವುದಿಲ್ಲ. ಅಷ್ಟೇ ಅಲ್ಲ, ಅದೇ ಹೇಳಿಕೆಯಲ್ಲಿ ಮುಂದೆ, ಅವಳನ್ನು ಮನೆಯಿಂದ ಕಿತ್ತುಕೊಂಡು ಹೋಗಿ ಸುಮಾರು ಏಳು ವಾರ ಸೆರೆಯಲ್ಲಿಟ್ಟಿದ್ದರು ಅಂತಲೂ ಇತ್ತು. ಅದನ್ನು ಯಾರೂ ಎತ್ತಲಿಲ್ಲ.

ಹಾಗಂತ ಕೋಪ ಬಂದವರೆಲ್ಲ ನಾಟಕ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಮನೆಯವರನ್ನು ಕಣ್ಣೆದುರೇ ಎಳೆದುಕೊಂಡು ಹೋದದ್ದನ್ನು ನೋಡಿದವರಿಗೆ "ಕಳೆದುಹೋದಳು" ಅಂದರೆ ಹೇಗಾಗಬೇಡ? ಒಯ್ದವರು ಯಾರು ಅನ್ನುವುದೇ ಆ ಮಾತಿನಲ್ಲಿ ಇಲ್ಲ. ನನಗೆ ಕಾಣುವುದು ಇಷ್ಟು: ಈ ವಿಷಯದಲ್ಲಿ ನೋವಾಗುವುದು ಬಹುತೇಕ ಸಲ ಬೈಗುಳದಿಂದಲ್ಲ. ಮಾಡಿದವರ ಹೆಸರು ವಾಕ್ಯದಿಂದ ಜಾರಿಹೋದಾಗ. ಎರಡೂ ಕಡೆಯವರಿಗೆ ಹಾಗೇ. ನಿಮಗೇನು ಅನ್ನಿಸುತ್ತದೆ?

ಧಾರವಾಡದ ಮೇಷ್ಟ್ರು

ತಂಗಿ, ಒಳ್ಳೆಯ ಪ್ರಸಂಗ ಎತ್ತಿದ್ದೀಯ. ಆದರೆ ನನಗೆ ಬೇರೆ ತಕರಾರು ಇದೆ ನೋಡು. ಅಕ್ಟೋಬರ್ 7ರಂದು ಸತ್ತವರು ಸುಮಾರು 1,200 ಜನ. ಒತ್ತೆ ಹಿಡಿದದ್ದು 251 ಜನರನ್ನು. ಆಮೇಲೆ ಗಾಜಾದಲ್ಲಿ ಸತ್ತವರು, ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ, 2025ರ ಮಧ್ಯದ ಹೊತ್ತಿಗೇ 60,000 ದಾಟಿದರು. ಇಷ್ಟು ಹೆಣ ಬಿದ್ದ ಮೇಲೂ ದೊಡ್ಡವರು ಪದ ಹಿಡಿದು ಜಗಳ ಆಡುತ್ತಾರೆ ಅಂದರೆ, ಅದು ನಿಜವಾದ ವಿಷಯದಿಂದ ತಪ್ಪಿಸಿಕೊಳ್ಳುವ ದಾರಿ ಅಂತಲೇ ನನ್ನ ಅನುಮಾನ.

ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಗುಟೆರಸ್ ಅವರಿಗೆ ಏನಾಯಿತು ನೋಡ್ರಿ. 2023ರ ಅಕ್ಟೋಬರ್ 24, ಭದ್ರತಾ ಮಂಡಳಿ. ಹಮಾಸ್ ದಾಳಿ ಶೂನ್ಯದಲ್ಲಿ ನಡೆದದ್ದಲ್ಲ, ಪ್ಯಾಲೆಸ್ತೀನಿಯರು 56 ವರ್ಷಗಳಿಂದ ತಮ್ಮ ನೆಲ ಆಕ್ರಮಿಸಿಕೊಂಡವರ ಉಸಿರುಗಟ್ಟಿಸುವ ಹಿಡಿತದಲ್ಲಿ ಬದುಕಿದ್ದಾರೆ ಅಂದರು. ಅಷ್ಟಕ್ಕೇ ಇಸ್ರೇಲಿನ ಪ್ರತಿನಿಧಿ ಗಿಲಾದ್ ಎರ್ದಾನ್ ರಾಜೀನಾಮೆ ಕೇಳಿದರು. ವಿಶ್ವಸಂಸ್ಥೆಯ ಅಧಿಕಾರಿಗಳಿಗೆ ವೀಸಾ ಕೊಡುವುದಿಲ್ಲ ಅಂದರು. ಅದೇ ಭಾಷಣದಲ್ಲಿ, ನಾಗರಿಕರನ್ನು ಬೇಕೆಂದೇ ಕೊಲ್ಲುವುದನ್ನು, ಅಪಹರಿಸುವುದನ್ನು ಯಾವುದೂ ಸಮರ್ಥಿಸಲಾರದು, ಪ್ಯಾಲೆಸ್ತೀನಿಯರ ಸಂಕಟ ಹಮಾಸ್ ದಾಳಿಗೆ ಸಮರ್ಥನೆ ಆಗಲಾರದು ಅಂತಲೂ ಅವರು ಹೇಳಿದ್ದರು. ಒಂದು ಸಾಲು ಕತ್ತರಿಸಿ ಹಿಡಿದುಕೊಂಡು ಉಳಿದ ಭಾಷಣವನ್ನು ಮುಚ್ಚಿಟ್ಟರೆ ಯಾರ ಮಾತೂ ನೋಯಿಸುತ್ತದೆ.

ನೆತನ್ಯಾ ಕೇರ್‌ಗಿವರ್

ಮೇಷ್ಟ್ರೇ, ನಾನು ಉಡುಪಿ ಕಡೆಯವನು, ಇಸ್ರೇಲಿನಲ್ಲಿ ವಯಸ್ಸಾದ ಒಬ್ಬ ಅಮ್ಮನನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯವರು ಇಲ್ಲಿ ತುಂಬಾ ಜನ ಇದ್ದೇವೆ. ಯುದ್ಧ ಶುರುವಾದಾಗ ಇಲ್ಲಿದ್ದ ಭಾರತೀಯರೇ ಸುಮಾರು 18,000. ಹೆಚ್ಚಿನವರು ಇದೇ ಕೆಲಸದವರು.

ಗುಟೆರಸ್ ಮಾತು ಟಿವಿಯಲ್ಲಿ ಬಂದಾಗ ನಾನು ಅಜ್ಜಿಗೆ ಸೂಪ್ ಕುಡಿಸುತ್ತಿದ್ದೆ. ಆಗೆಲ್ಲ ಸೈರನ್ ಬಂದರೆ ವೀಲ್‌ಚೇರ್ ತಳ್ಳಿಕೊಂಡು ಮಮಾದ್‌ಗೆ, ಅಂದರೆ ಮನೆಯೊಳಗಿನ ಕಾಂಕ್ರೀಟ್ ಕೋಣೆಗೆ, ಓಡುತ್ತಿದ್ದೆವು. ಅಜ್ಜಿಯ ಪರಿಚಯದವರ ಮೊಮ್ಮಗ ಎಲ್ಲಿದ್ದಾನೆ ಅಂತ ಇನ್ನೂ ಗೊತ್ತಾಗಿರಲಿಲ್ಲ. ಹೆಣಗಳ ಗುರುತು ಹಿಡಿಯುವ ಕೆಲಸವೇ ಮುಗಿದಿರಲಿಲ್ಲ. ಅಜ್ಜಿ ಚಮಚ ತಳ್ಳಿ, "ಇವತ್ತೇ ಹೇಳಬೇಕಿತ್ತಾ?" ಅಂದರು. ಅವರು ಬಲಪಂಥದವರಲ್ಲ. ನೆತನ್ಯಾಹು ವಿರುದ್ಧ 2023ರಲ್ಲಿ ವಾರವಾರ ನಡೆದ ಪ್ರತಿಭಟನೆಗೆ ವೀಲ್‌ಚೇರಿನಲ್ಲೇ ಹೋಗಿದ್ದವರು. ಪ್ಯಾಲೆಸ್ತೀನಿಯರ ನೆಲ ಆಕ್ರಮಿಸಿಕೊಂಡಿರುವುದು ತಪ್ಪು ಅಂತ ಅವರೇ ನನಗೆ ಹೇಳಿದ್ದಾರೆ.

ನೀವು ಹೇಳಿದ ಹಾಗೆ ಕತ್ತರಿ ಹಾಕುವವರು ಇದ್ದಾರೆ. ಆದರೆ ಕೇಳುವವರ ಮನೆಯಲ್ಲಿ ಆ ದಿನ ಏನಾಗಿತ್ತು ಅನ್ನುವುದೂ ಲೆಕ್ಕಕ್ಕೆ ಬರಬೇಕು, ಅಲ್ವಾ? ಸಂಸ್ಕಾರವೇ ಆಗದ ಮನೆಗೆ ಹೋಗಿ ಕಾರಣ ವಿವರಿಸಿದರೆ, ಕಾರಣ ಎಷ್ಟೇ ಸರಿ ಇದ್ದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಧಾರವಾಡದ ಮೇಷ್ಟ್ರು

ಒಪ್ಪುತ್ತೇನಪ್ಪ, ಸಮಯದ ಪ್ರಶ್ನೆ ಇದ್ದೇ ಇದೆ. ಆದರೆ ಆ ಹೊತ್ತಿಗೆ ಗಾಜಾದಲ್ಲೂ ಸಾವಿರಾರು ಮನೆಗಳಲ್ಲಿ ಹೆಣ ಇತ್ತು. ಅವರಿಗೆ ಕಾರಣ ಹೇಳುವವರು ಯಾವತ್ತು ಹೇಳಬೇಕಿತ್ತು?

ಲೆಸ್ಟರ್ ಕನ್ನಡತಿ

ಸಮಯದ ವಿಷಯಕ್ಕೆ ಬ್ರಿಟನ್ನಿನಲ್ಲಿ ಹಳೆಯ ಉದಾಹರಣೆ ಇದೆ. 2002ರ ಜೂನ್ 18. ಜೆರುಸಲೇಮಿನಲ್ಲಿ ಆತ್ಮಾಹುತಿ ಬಾಂಬಿಗೆ ಬಸ್ಸಿನಲ್ಲಿದ್ದ 19 ಜನ ಸತ್ತರು. ಅವತ್ತೇ ಲಂಡನ್ನಿನಲ್ಲಿ ಪ್ಯಾಲೆಸ್ತೀನಿಯರ ವೈದ್ಯಕೀಯ ನೆರವಿನ ಕಾರ್ಯಕ್ರಮದಲ್ಲಿ ಪ್ರಧಾನಿಯ ಪತ್ನಿ ಶೆರಿ ಬ್ಲೇರ್ ಮಾತಾಡಿದರು. ತಮ್ಮನ್ನೇ ಸ್ಫೋಟಿಸಿಕೊಳ್ಳುವುದು ಬಿಟ್ಟರೆ ಬೇರೆ ಭರವಸೆ ಇಲ್ಲ ಅಂತ ಯುವಕರಿಗೆ ಅನ್ನಿಸುತ್ತಿರುವವರೆಗೂ ಯಾವ ಪ್ರಗತಿಯೂ ಆಗದು ಅಂದರು. ಸಂಜೆಯೊಳಗೆ ಪ್ರಧಾನಿ ಕಚೇರಿ ವಿಷಾದ ಹೇಳಬೇಕಾಯಿತು. ಎರಡು ವರ್ಷದ ನಂತರ ಜೆನ್ನಿ ಟಾಂಗ್ ಎಂಬ ಸಂಸದೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ಯಾಲೆಸ್ತೀನಿಯರ ಆ ಪರಿಸ್ಥಿತಿಯಲ್ಲಿ ನಾನಿದ್ದಿದ್ದರೆ ನಾನೂ ಆತ್ಮಾಹುತಿ ಬಾಂಬರ್ ಆಗುವುದನ್ನು ಯೋಚಿಸುತ್ತಿದ್ದೆನೇನೋ ಅಂದರು. ಲಿಬರಲ್ ಡೆಮಾಕ್ರಾಟ್ ಪಕ್ಷ ಅವರನ್ನು ವಕ್ತಾರೆಯ ಸ್ಥಾನದಿಂದ ತೆಗೆಯಿತು. ನನಗೆ ಈ ಎರಡೂ ಒಂದೇ ಅಲ್ಲ. ಮೊದಲನೆಯದು ವೇಳೆ ತಪ್ಪಿದ ಮಾತು. ಎರಡನೆಯದು ಯಾವ ದಿನ ಹೇಳಿದರೂ ತಪ್ಪೇ.

ಆದರೆ ನಮ್ಮೂರಿನಲ್ಲಿ ದೊಡ್ಡ ಪೆಟ್ಟು ಕೊಟ್ಟದ್ದು ಕೀರ್ ಸ್ಟಾರ್ಮರ್ ಮಾತು. ಅದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಮಾತು ಹೇಗೆ ಜಾರುತ್ತದೆ ಅಂತ ಅದರಲ್ಲಿ ಚೆನ್ನಾಗಿ ಕಾಣುತ್ತದೆ.

2023ರ ಅಕ್ಟೋಬರ್ 11, ಎಲ್‌ಬಿಸಿ ರೇಡಿಯೋ. ಆಗ ಸ್ಟಾರ್ಮರ್ ವಿರೋಧ ಪಕ್ಷವಾಗಿದ್ದ ಲೇಬರ್‌ನ ನಾಯಕ. ಹಮಾಸ್ ದಾಳಿಗೆ ಇಸ್ರೇಲ್ ಹೇಗೆ ಉತ್ತರಿಸಬಹುದು ಅಂತ ಮಾತು ನಡೆದಿತ್ತು. ಇಸ್ರೇಲಿಗೆ ತನ್ನನ್ನು ರಕ್ಷಿಸಿಕೊಳ್ಳುವ ಹಕ್ಕಿದೆ ಅಂದರು. ಸಂದರ್ಶಕ ನಡುವೆ ಬಾಯಿ ಹಾಕಿ, ಮುತ್ತಿಗೆ ಸರಿಯೇ, ಕರೆಂಟು ಕಟ್ ಮಾಡುವುದು, ನೀರು ಕಟ್ ಮಾಡುವುದು ಸರಿಯೇ ಅಂತ ಕೇಳಿದ. ಇವರು, ಇಸ್ರೇಲಿಗೆ ಆ ಹಕ್ಕಿದೆ ಅಂತ ನನಗನ್ನಿಸುತ್ತದೆ, ಎಲ್ಲವೂ ಅಂತರರಾಷ್ಟ್ರೀಯ ಕಾನೂನಿನೊಳಗೆ ನಡೆಯಬೇಕು ಅಂದುಬಿಟ್ಟರು. ಪ್ರಶ್ನೆಯಲ್ಲಿದ್ದ ನೀರು ಉತ್ತರಕ್ಕೆ ಅಂಟಿಕೊಂಡಿತು. ಇವರ ಬಾಯಲ್ಲಿ "ನೀರು" ಎಂಬ ಪದವೇ ಬಂದಿರಲಿಲ್ಲ. ಆದರೂ ಕೇಳಿದವರಿಗೆ ಉಳಿದದ್ದು ಇಷ್ಟೇ: ಮಕ್ಕಳಿಗೆ ನೀರು ನಿಲ್ಲಿಸುವ ಹಕ್ಕಿದೆ ಅಂದರು.

ಸ್ಪಷ್ಟನೆ ಯಾವಾಗ ಬಂತು? ಒಂಬತ್ತು ದಿನ ಬಿಟ್ಟು, ಅಕ್ಟೋಬರ್ 20ಕ್ಕೆ. ಅಲ್ಲಿಯವರೆಗೆ ಆ ತುಣುಕು ಇಲ್ಲಿನ ಪ್ರತಿ ವಾಟ್ಸಾಪ್ ಗುಂಪಿಗೂ ಬಂದು ಹೋಗಿತ್ತು. ಲೇಬರ್ ಕೌನ್ಸಿಲರ್‌ಗಳು ರಾಜೀನಾಮೆ ಕೊಟ್ಟರು. ಆಕ್ಸ್‌ಫರ್ಡ್ ನಗರಸಭೆಯಲ್ಲಿ ಪಕ್ಷ ಬಹುಮತ ಕಳೆದುಕೊಂಡಿತು. ನವೆಂಬರ್ 15ರಂದು ಕದನವಿರಾಮ ಬೇಕು ಅಂತ 56 ಲೇಬರ್ ಸಂಸದರು ನಾಯಕನ ಮಾತು ಮೀರಿ ವೋಟು ಹಾಕಿದರು. 2024ರ ಜುಲೈ ಚುನಾವಣೆಯಲ್ಲಿ ದೇಶದ ತುಂಬ ಲೇಬರ್ ಗೆದ್ದಿತು, ಆದರೆ ನಮ್ಮ ಲೆಸ್ಟರ್ ಸೌತ್‌ನಲ್ಲಿ ಜೊನಾಥನ್ ಆಶ್‌ವರ್ತ್ ಸೋತರು. ಹಿಂದಿನ ಸಲ 22,000ಕ್ಕೂ ಹೆಚ್ಚು ಅಂತರದಲ್ಲಿ ಗೆದ್ದವರು ಅವರು. ಗೆದ್ದ ಪಕ್ಷೇತರ ಶಾಕತ್ ಆಡಂ, ಇದು ಗಾಜಾಕ್ಕಾಗಿ ಅಂದರು. ಅಂತರ 979 ಮತ. ಆ ಒಂದು ಮಾತಿಗೇ ಸೋತರು ಅಂತ ನಾನು ಹೇಳುವುದಿಲ್ಲ, ಬೇರೆ ಕಾರಣವೂ ಇದ್ದವು. ಆದರೆ ಮನೆಮನೆಗೆ ಹೋಗಿ ಮತ ಕೇಳಿದವರಿಗೆ ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಅದೇ ಮಾತು.

ಭಟ್ಕಳದ ಓದುಗ

ಅಕ್ಕಾ, ಒಂಬತ್ತು ದಿನ ಅಂದಿರಲ್ಲ, ಅದೇ ನೋವು. ಬಾಯಿ ತಪ್ಪುವುದು ಯಾರಿಗೂ ಆಗುತ್ತದೆ. ಸ್ಪಷ್ಟನೆ ಕೊಡಲು ಅಷ್ಟು ಹೊತ್ತು ಯಾಕೆ ಬೇಕು? ಆ ಒಂಬತ್ತು ದಿನ ಯಾರೂ ಅವರ ಹತ್ತಿರ ಹೋಗಿ, ಸರ್, ಜನಕ್ಕೆ ಹೀಗೆ ಕೇಳಿಸುತ್ತಿದೆ ಅಂತ ಹೇಳಲಿಲ್ಲವಾ?

ನಮ್ಮ ಮನೆಯಲ್ಲಿ ಅಬ್ಬಾ ದಿನಾ ರಾತ್ರಿ ಸುದ್ದಿ ನೋಡುತ್ತಾರೆ. ಅವರಿಗೆ ಜಾಸ್ತಿ ಬೇಸರ ಆದದ್ದು ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಮಾತಿಗೆ. 2023ರ ಅಕ್ಟೋಬರ್ 25ರಂದು, ಎಷ್ಟು ಜನ ಸತ್ತರು ಅನ್ನುವುದರಲ್ಲಿ ಪ್ಯಾಲೆಸ್ತೀನಿಯರು ನಿಜ ಹೇಳುತ್ತಿದ್ದಾರೆ ಅಂತ ನನಗೆ ನಂಬಿಕೆ ಇಲ್ಲ ಅಂದರು. "ಹಮಾಸ್" ಅನ್ನಲಿಲ್ಲ ನೋಡಿ. "ಪ್ಯಾಲೆಸ್ತೀನಿಯರು" ಅಂದರು. ಮರುದಿನವೇ ಗಾಜಾ ಆರೋಗ್ಯ ಇಲಾಖೆ ಸತ್ತವರ ಪಟ್ಟಿ ಹೊರಗೆ ಬಿಟ್ಟಿತು. 6,747 ಜನರ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಸಮೇತ. ನಾನು ಆ ಪಟ್ಟಿಯ ಪುಟಗಳನ್ನು ಫೋನಿನಲ್ಲಿ ಸರಿಸುತ್ತಾ ಹೋದೆ. ಒಂದೇ ಮನೆತನದ ಹೆಸರು ಸಾಲಾಗಿ ಬರುತ್ತದೆ. ಅಜ್ಜ, ಮಗ, ಸೊಸೆ, ಮೊಮ್ಮಕ್ಕಳು. ಸತ್ತವರನ್ನು ಸತ್ತರು ಅಂತ ನಂಬಿಸಲು ಇಷ್ಟು ದಾಖಲೆ ಕೊಡಬೇಕಾದ ಪರಿಸ್ಥಿತಿ ಯಾರಿಗೂ ಬರಬಾರದು.

ಡಬ್ಲಿನ್ ಅಕ್ಕ ಹೇಳಿದ್ದು ಇಲ್ಲಿಗೂ ಸರಿ ಹೊಂದುತ್ತದೆ. ಗಾಜಾದಲ್ಲಿ ಮಕ್ಕಳು "ಪ್ರಾಣ ಕಳೆದುಕೊಂಡರು" ಅಂತ ಹೇಳುವ ನಾಯಕರು ಎಷ್ಟೋ ಜನ. ಬಾಂಬು ಯಾರದ್ದು ಅಂತ ಹೇಳುವುದಿಲ್ಲ. ಭೂಕಂಪ ಆದ ಹಾಗೆ ಮಾತಾಡುತ್ತಾರೆ.

ಕಾಸರಗೋಡಿನವ

ಎಲ್ಲರೂ ವಿದೇಶದ್ದೇ ಹೇಳುತ್ತಿದ್ದೀರಿ. ನಮ್ಮ ಕೇರಳದಲ್ಲೇ ನಡೆದದ್ದು ಇಲ್ಲಿದೆ.

2023ರ ಅಕ್ಟೋಬರ್ 26, ಕೋಯಿಕ್ಕೋಡ್ ಕಡಲತೀರ. ಮುಸ್ಲಿಂ ಲೀಗಿನ ಪ್ಯಾಲೆಸ್ತೀನ್ ಬೆಂಬಲದ ರ‍್ಯಾಲಿ. ಜನಸಾಗರ. ಶಶಿ ತರೂರ್ ಮುಖ್ಯ ಅತಿಥಿ. ಪ್ಯಾಲೆಸ್ತೀನ್ ಪರವಾಗಿಯೇ ಭಾಷಣ. ಆದರೆ ನಡುವೆ, ಅಕ್ಟೋಬರ್ 7ರಂದು ಭಯೋತ್ಪಾದಕರು ಇಸ್ರೇಲಿನ ಮೇಲೆ ದಾಳಿ ಮಾಡಿ 1,400 ಜನರನ್ನು ಕೊಂದರು ಅಂದರು. (ಆಗ ಹೇಳುತ್ತಿದ್ದ ಸಂಖ್ಯೆ ಅದೇ. ಇಸ್ರೇಲೇ ನವೆಂಬರಿನಲ್ಲಿ ಅದನ್ನು 1,200ಕ್ಕೆ ಇಳಿಸಿತು.) ಇಸ್ರೇಲಿನ ಬಾಂಬಿಗೆ ಸತ್ತ ಆರು ಸಾವಿರ ಜನರ ಬಗ್ಗೆಯೂ ಅದೇ ಉಸಿರಿನಲ್ಲಿ ಹೇಳಿದ್ದರು. ವೇದಿಕೆಯ ಮೇಲೇ ಅಸಮಾಧಾನ ಕಾಣಿಸಿತು. ಸಿಪಿಎಂನವರಂತೂ, ಲೀಗಿನ ಖರ್ಚಿನಲ್ಲಿ ಇಸ್ರೇಲ್ ಪರ ಸಭೆ ನಡೆಯಿತು ಎಂಬ ಧಾಟಿಯಲ್ಲಿ ಆಡಿಕೊಂಡರು. ತಿರುವನಂತಪುರದ ಮಹಲ್ಲುಗಳ (ಮಸೀದಿ ಜಮಾತ್‌ಗಳ) ಒಕ್ಕೂಟ ತನ್ನ ಪ್ಯಾಲೆಸ್ತೀನ್ ಕಾರ್ಯಕ್ರಮದಿಂದ ತರೂರ್ ಹೆಸರು ಕೈಬಿಟ್ಟಿತು. ಅವರ ಸ್ವಂತ ಕ್ಷೇತ್ರದಲ್ಲೇ! ನಾನು ಯಾವಾಗಲೂ ಪ್ಯಾಲೆಸ್ತೀನಿಯರ ಜೊತೆಗೇ ಇದ್ದೇನೆ, 32 ನಿಮಿಷದ ಭಾಷಣದಲ್ಲಿ ಒಂದೇ ವಾಕ್ಯ ಹರಡುವುದು ಸರಿಯಲ್ಲ ಅಂತ ಅವರು ಹೇಳಬೇಕಾಯಿತು.

ಅದಕ್ಕೂ ಮೊದಲು ಸಿಪಿಎಂನ ಕೆ.ಕೆ. ಶೈಲಜಾ ಅವರೂ ಫೇಸ್‌ಬುಕ್ಕಿನಲ್ಲಿ ಹಮಾಸ್‌ನವರನ್ನು ಭಯೋತ್ಪಾದಕರು ಅಂತ ಬರೆದು ತಮ್ಮವರಿಂದಲೇ ಟೀಕೆ ಕೇಳಿದ್ದರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮನೆಗೆ ನುಗ್ಗಿ ಮಕ್ಕಳು ಮುದುಕರನ್ನು ಕೊಂದವರನ್ನು ಭಯೋತ್ಪಾದಕರು ಅನ್ನದೆ ಇನ್ನೇನು ಅನ್ನಬೇಕು? ತರೂರ್ ಹೇಳಿದ್ದರಲ್ಲಿ ತಪ್ಪು ಇರಲಿಲ್ಲ. ಕೇಳಿದವರಿಗೆ ನೋವಾದದ್ದೂ ಸುಳ್ಳಲ್ಲ. ಅವತ್ತು ಬಂದಿದ್ದವರಲ್ಲಿ ಹೆಚ್ಚಿನವರು ಗಾಜಾದ ಚಿತ್ರಗಳನ್ನು ನೋಡಿ ನಿದ್ದೆಗೆಟ್ಟವರು. ಆ ಪದ ಹಮಾಸಿಗೆ ಮಾತ್ರ ಅಂಟಿ ವಿಮಾನದಿಂದ ಬಾಂಬು ಹಾಕಿದವರಿಗೆ ಅಂಟುವುದಿಲ್ಲ ಅನ್ನುವುದು ಅವರ ತಕರಾರು. ಎಲ್ಲರಿಗೂ ಹಿತವಾಗುವ ಪದ ಅವತ್ತು ಆ ಮರಳಿನ ಮೇಲೆ ಇರಲೇ ಇಲ್ಲ. ನೋವಾಗುತ್ತದೆ ಅಂತ ಗೊತ್ತಿದ್ದೂ ಹೇಳಬೇಕಾದದ್ದು ಕೆಲವು ಇರುತ್ತವೆ.

ಭಟ್ಕಳದ ಓದುಗ

ಅಣ್ಣಾ, ಅದನ್ನು ಒಪ್ಪುತ್ತೇನೆ. ಅಕ್ಟೋಬರ್ 7 ಭಯೋತ್ಪಾದನೆಯೇ. ನಮ್ಮವರಲ್ಲಿ ಹಾಗನ್ನಲು ಹಿಂಜರಿದವರ ಜೊತೆ ನಾನೂ ವಾದ ಮಾಡಿದ್ದೇನೆ. ಆದರೆ ದೆಹಲಿಯ ಕಡೆಯೂ ನೋಡಿ. ಪ್ರಧಾನಿ ಅವತ್ತೇ ಭಯೋತ್ಪಾದಕ ದಾಳಿ ಖಂಡಿಸಿ ಇಸ್ರೇಲಿನ ಜೊತೆ ನಿಲ್ಲುತ್ತೇವೆ ಅಂತ ಬರೆದರು. ಸರಿ. ಸ್ವತಂತ್ರ ಪ್ಯಾಲೆಸ್ತೀನ್ ದೇಶ ಆಗಬೇಕು ಅನ್ನುವ ನಮ್ಮ ಹಳೆಯ ನಿಲುವು ಬದಲಾಗಿಲ್ಲ ಅಂತ ವಿದೇಶಾಂಗ ಇಲಾಖೆಯ ವಕ್ತಾರರು ಹೇಳಿದ್ದು ಅಕ್ಟೋಬರ್ 12ಕ್ಕೆ. ನಡುವೆ ಅಕ್ಟೋಬರ್ 9ರಂದು ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ನಿರ್ಣಯ ಬಂತು, ಅದರಲ್ಲಿ ಪ್ಯಾಲೆಸ್ತೀನಿಯರ ಹಕ್ಕಿನ ಮಾತಿತ್ತು, ಹಮಾಸ್ ದಾಳಿಯ ಹೆಸರೇ ಇರಲಿಲ್ಲ. ಹಿಂದಿನ ದಿನ ಪಕ್ಷದ ಹೇಳಿಕೆಯಲ್ಲಿ ಖಂಡನೆ ಇತ್ತು. ನಿರ್ಣಯದಲ್ಲಿ ಬಿಟ್ಟರು. ಒಬ್ಬರು ಒಂದು ಅರ್ಧ ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು ಅರ್ಧ. ಬಿಟ್ಟುಹೋದ ಅರ್ಧದವರಿಗೆ ನೋವು.

ನಿರ್ವಾಹಕರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಒಂದು ಸಮುದಾಯವನ್ನೇ ಬೈದ ಎರಡು ಕಾಮೆಂಟ್ ತೆಗೆದಿದ್ದೇವೆ. ಸರ್ಕಾರವನ್ನು, ಸಂಘಟನೆಯನ್ನು ಟೀಕಿಸಿ. "ಇವರೆಲ್ಲ ಹೀಗೇ" ಅನ್ನುವುದು ಬೇಡ.

ಲೆಸ್ಟರ್ ಕನ್ನಡತಿ

ನಿರ್ವಾಹಕರು ಹೇಳಿದ್ದು ಸಂಸದರಿಗೂ ಹೇಳಬೇಕಾದ ಮಾತು. 2013ರ ಜನವರಿಯಲ್ಲಿ ಬ್ರ್ಯಾಡ್‌ಫರ್ಡ್ ಈಸ್ಟ್‌ನ ಸಂಸದ ಡೇವಿಡ್ ವಾರ್ಡ್, ಹೋಲೋಕಾಸ್ಟ್‌ನಲ್ಲಿ, ಅಂದರೆ ಹಿಟ್ಲರನ ಯಹೂದಿ ನರಮೇಧದಲ್ಲಿ, ಅಷ್ಟು ಅನುಭವಿಸಿದ ಯಹೂದಿಗಳು, ಬಿಡುಗಡೆಯಾದ ಕೆಲವೇ ವರ್ಷಗಳಲ್ಲಿ ಪ್ಯಾಲೆಸ್ತೀನಿಯರ ಮೇಲೆ ದೌರ್ಜನ್ಯ ಮಾಡಿದರಲ್ಲ ಅಂತ ಬರೆದರು. ಅದೂ ಹೋಲೋಕಾಸ್ಟ್ ಸ್ಮರಣೆಯ ದಿನಗಳಲ್ಲಿ. "ಇಸ್ರೇಲ್ ಸರ್ಕಾರ" ಅಂದಿದ್ದರೆ ಅದು ರಾಜಕೀಯ ಟೀಕೆ. "ಯಹೂದಿಗಳು" ಅಂದದ್ದರಿಂದ ಲೀಡ್ಸ್‌ನಲ್ಲೋ ಮ್ಯಾಂಚೆಸ್ಟರಿನಲ್ಲೋ ಅಂಗಡಿ ಇಟ್ಟುಕೊಂಡವನೂ ಆರೋಪಿಯಾದ. ಸತ್ತುಹೋದವರು ಪಾಠ ಕಲಿಯಬೇಕಿತ್ತು ಅನ್ನುವ ಧ್ವನಿ ಬೇರೆ. ಗ್ಯಾಸ್ ಕೋಣೆ ಪಾಠಶಾಲೆ ಆಗಿರಲಿಲ್ಲವಲ್ಲ.

ಹಾಗೇ ಎಲ್ಲಾ ಆಕ್ಷೇಪವೂ ನ್ಯಾಯವಲ್ಲ. ಮಿಡಲ್ಸ್‌ಬರೋದ ಲೇಬರ್ ಸಂಸದ ಆಂಡಿ ಮೆಕ್‌ಡೊನಾಲ್ಡ್ 2023ರ ಅಕ್ಟೋಬರ್ ಕೊನೆಯಲ್ಲಿ ಲಂಡನ್ ರ‍್ಯಾಲಿಯಲ್ಲಿ, (ಜೋರ್ಡಾನ್) ನದಿಗೂ (ಮೆಡಿಟರೇನಿಯನ್) ಸಮುದ್ರಕ್ಕೂ ನಡುವೆ ಇರುವ ಎಲ್ಲರೂ, ಇಸ್ರೇಲಿಗಳೂ ಪ್ಯಾಲೆಸ್ತೀನಿಯರೂ, ಶಾಂತಿಯಿಂದ ಸ್ವತಂತ್ರವಾಗಿ ಬದುಕುವವರೆಗೆ ನಾವು ವಿರಮಿಸುವುದಿಲ್ಲ ಅಂದರು. ಪಕ್ಷ ಅಮಾನತು ಮಾಡಿತು. 2024ರ ಮಾರ್ಚಿನಲ್ಲಿ ವಾಪಸ್ ತೆಗೆದುಕೊಂಡಿತು. ಇಬ್ಬರ ಹೆಸರನ್ನೂ ಹೇಳಿದವನಿಗೆ ಯಾಕೆ ಶಿಕ್ಷೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನೆತನ್ಯಾ ಕೇರ್‌ಗಿವರ್

ಅಕ್ಕಾ, ಇಲ್ಲಿ ಕೂತು ನೋಡಿದರೆ ಸ್ವಲ್ಪ ಅರ್ಥವಾಗುತ್ತದೆ. ಪ್ಯಾಲೆಸ್ತೀನ್ ಪರ ಘೋಷಣೆಯಲ್ಲಿ "ನದಿಯಿಂದ ಸಮುದ್ರದವರೆಗೆ" ಅಂದರೆ ಇಲ್ಲಿನವರಿಗೆ ತಮ್ಮ ಮನೆಯೂ ಅದರೊಳಗೆ ಬಂತು. ನಾನಿರುವ ಊರಿನಿಂದ ಸಮುದ್ರಕ್ಕೆ ನಡೆದುಕೊಂಡೇ ಹೋಗಬಹುದು. ಹಮಾಸ್ ತನ್ನ 2017ರ ದಾಖಲೆಯಲ್ಲಿ ಅದನ್ನೇ ಬರೆದಿದೆ, ನದಿಯಿಂದ ಸಮುದ್ರದವರೆಗೆ ಪೂರ್ತಿ ವಿಮೋಚನೆ ಅಂತ. ಉಳಿದ ವಾಕ್ಯ ಕೇಳುವ ಮೊದಲೇ ಜನಕ್ಕೆ ಭಯ.

ಧಾರವಾಡದ ಮೇಷ್ಟ್ರು

ಅದರ ಇನ್ನೊಂದು ತುದಿಯನ್ನೂ ಹೇಳಬೇಕು. ನೆತನ್ಯಾಹು ಅವರ ಲಿಕುಡ್ ಪಕ್ಷದ 1977ರ ಪ್ರಣಾಳಿಕೆಯಲ್ಲಿ, ಸಮುದ್ರಕ್ಕೂ ಜೋರ್ಡಾನ್ ನದಿಗೂ ನಡುವೆ ಇಸ್ರೇಲಿನ ಸಾರ್ವಭೌಮತ್ವ ಮಾತ್ರ ಇರುತ್ತದೆ ಅಂತ ಬರೆದಿತ್ತು. 2024ರ ಜನವರಿಯಲ್ಲಿ ಅವರೇ, ಜೋರ್ಡಾನ್ ನದಿಯ ಪಶ್ಚಿಮದ ಎಲ್ಲಾ ನೆಲದ ಭದ್ರತೆ ನಮ್ಮ ಕೈಯಲ್ಲೇ ಇರಬೇಕು ಅಂದರು. ಅದೇ ನದಿ, ಅದೇ ಸಮುದ್ರ. ಅಮೆರಿಕದ ಸಂಸತ್ತಿನ ಕೆಳಮನೆ ತನ್ನ ಸದಸ್ಯೆ, ಪ್ಯಾಲೆಸ್ತೀನಿ ಮೂಲದ ರಶೀದಾ ತ್ಲೈಬ್ ಅವರಿಗೆ ಈ ಘೋಷಣೆಯ ನೆಪದಲ್ಲೇ 2023ರ ನವೆಂಬರ್ 7ರಂದು ಛೀಮಾರಿ ಹಾಕಿತು, 234–188 ಮತಗಳಿಂದ. ಒಬ್ಬರು ಹೇಳಿದರೆ ಛೀಮಾರಿ, ಇನ್ನೊಬ್ಬರು ಹೇಳಿದರೆ ನೀತಿ. ಪ್ಯಾಲೆಸ್ತೀನಿಯರಿಗೆ ಇದು ಕಾಣುವುದಿಲ್ಲವಾ?

ಡಬ್ಲಿನ್ ಮಂಗಳೂರು

ಕಾಣುತ್ತದೆ ಮೇಷ್ಟ್ರೇ. ಆದರೆ ಪ್ಯಾಲೆಸ್ತೀನಿ ನಾಯಕರೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2022ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ನಡೆದದ್ದರ ವಿಡಿಯೋ ಸಿಕ್ಕಿದರೆ ನೋಡಿ.

ಪತ್ರಿಕಾಗೋಷ್ಠಿ. ಆಗಿನ ಜರ್ಮನ್ ಚಾನ್ಸಲರ್ ಓಲಾಫ್ ಶೋಲ್ಜ್ ಪಕ್ಕದಲ್ಲಿ ಪ್ಯಾಲೆಸ್ತೀನಿ ಅಧ್ಯಕ್ಷ ಮಹಮೂದ್ ಅಬ್ಬಾಸ್. ಪತ್ರಕರ್ತರೊಬ್ಬರು, ಮ್ಯೂನಿಕ್ ಒಲಿಂಪಿಕ್ಸ್ ದಾಳಿಗೆ 50 ವರ್ಷ ಆಗುತ್ತಿದೆ, ಕ್ಷಮೆ ಕೇಳುತ್ತೀರಾ ಅಂದರು. 1972ರಲ್ಲಿ ಪ್ಯಾಲೆಸ್ತೀನಿ ಬಂದೂಕುಧಾರಿಗಳ ಆ ದಾಳಿಯಲ್ಲಿ ಇಸ್ರೇಲಿನ 11 ಕ್ರೀಡಾಪಟುಗಳು ಮತ್ತು ಕೋಚ್‌ಗಳು ಸತ್ತಿದ್ದರು. ಅಬ್ಬಾಸ್ ಅದಕ್ಕೆ ಉತ್ತರಿಸದೆ, 1947ರಿಂದ ಇಸ್ರೇಲ್ 50 ಹತ್ಯಾಕಾಂಡ ಮಾಡಿದೆ, 50 ಹೋಲೋಕಾಸ್ಟ್ ಅಂದರು. ಅದೂ ಬರ್ಲಿನ್ನಿನಲ್ಲಿ ನಿಂತು. ಶೋಲ್ಜ್ ಮುಖ ಗಂಟಾಯಿತು. ಬಾಯಿ ಮಾತ್ರ ಬಿಡಲಿಲ್ಲ. ಅದೇ ಗೋಷ್ಠಿಯಲ್ಲಿ ಅಬ್ಬಾಸ್ "ಅಪಾರ್ಥೈಡ್" (ವರ್ಣಭೇದ ನೀತಿ) ಅಂದಾಗ, ಆ ಪದ ನನಗೆ ಒಪ್ಪಿಗೆ ಇಲ್ಲ ಅಂತ ಹೇಳಿದವರು ಇದಕ್ಕೆ ಸುಮ್ಮನಾದರು. ವಕ್ತಾರರು ಗೋಷ್ಠಿ ಮುಗಿಯಿತು ಅಂದರು. ಇಬ್ಬರೂ ಕೈಕುಲುಕಿದರು. ಮರುದಿನ ಬೆಳಿಗ್ಗೆ ಶೋಲ್ಜ್, ನನಗೆ ಅಸಹ್ಯವಾಯಿತು ಅಂತ ಟ್ವೀಟ್ ಮಾಡಿದರು. ಅಬ್ಬಾಸ್ ಕೂಡ, ಹೋಲೋಕಾಸ್ಟ್ ಆಧುನಿಕ ಇತಿಹಾಸದ ಅತಿ ಘೋರ ಅಪರಾಧ ಅಂತ ಸ್ಪಷ್ಟನೆ ಕೊಟ್ಟರು. ಅಷ್ಟರಲ್ಲಿ ಒಬ್ಬರ ಮಾತು, ಇನ್ನೊಬ್ಬರ ಮೌನ, ಎರಡೂ ಜಗತ್ತು ಸುತ್ತಿ ಬಂದಿದ್ದವು. ಪಕ್ಕದಲ್ಲಿ ನಿಂತವರ ಮೌನಕ್ಕೂ ಜನ ನೊಂದುಕೊಳ್ಳುತ್ತಾರೆ.

ತಮ್ಮ ಜನರ ಸಂಕಟವನ್ನು ಹೇಳಲು ಅಬ್ಬಾಸ್ ಅವರಿಗೆ ಬೇಕಾದಷ್ಟು ವಿಷಯ ಇತ್ತು. ಬೇರೆಯವರ ಅತಿ ದೊಡ್ಡ ಗಾಯವನ್ನು ಅಳತೆಗೋಲಾಗಿ ಎತ್ತಿಕೊಂಡ ಕೂಡಲೇ ಎಲ್ಲರ ಗಮನ ಅಲ್ಲಿಗೇ ಹೋಯಿತು. ಪ್ಯಾಲೆಸ್ತೀನಿಯರ ಬಗ್ಗೆ ಆ ವಾರ ಯಾರೂ ಮಾತಾಡಲಿಲ್ಲ. ನಷ್ಟ ಅವರಿಗೇ.

ಕಾಸರಗೋಡಿನವ

ಟ್ರಂಪ್ ವಿಷಯ ಯಾರೂ ಎತ್ತಲಿಲ್ಲ. 2024ರ ಜೂನ್‌ನ ಚುನಾವಣಾ ಚರ್ಚೆಯಲ್ಲಿ ಬೈಡನ್‌ಗೆ, ಇವರು ಪ್ಯಾಲೆಸ್ತೀನಿಯಂತೆ ಆಗಿಬಿಟ್ಟಿದ್ದಾರೆ, ಆದರೆ ಕೆಟ್ಟ ಪ್ಯಾಲೆಸ್ತೀನಿ, ದುರ್ಬಲ ಪ್ಯಾಲೆಸ್ತೀನಿ ಅಂದರು. 2025ರ ಮಾರ್ಚಿನಲ್ಲಿ ಯಹೂದಿಯಾದ ಸೆನೆಟರ್ ಚಕ್ ಶುಮರ್ ಬಗ್ಗೆ, ಅವರು ಈಗ ಯಹೂದಿಯಲ್ಲ, ಪ್ಯಾಲೆಸ್ತೀನಿ ಅಂದರು. ಒಂದು ಜನದ ಹೆಸರನ್ನೇ ಬೈಗುಳ ಮಾಡಿದ್ದು. ಒಂದೇ ಏಟಿಗೆ ಇಬ್ಬರಿಗೂ ಅವಮಾನ. ಇದರಲ್ಲಿ ಬಾಯಿ ತಪ್ಪಿದ್ದೇನೂ ಇಲ್ಲ.

ನೆತನ್ಯಾ ಕೇರ್‌ಗಿವರ್

ಇಲ್ಲಿ ಅಜ್ಜಿಯ ಮಾತ್ರೆ ತರುವ ಔಷಧಿ ಅಂಗಡಿಯಲ್ಲಿ ಇರುವವರು ಅರಬ್ ಇಸ್ರೇಲಿ. ಈ ದೇಶದಲ್ಲಿ ಐದರಲ್ಲಿ ಒಬ್ಬರು ಅರಬ್ ಪ್ರಜೆಗಳು. ಅವರಿಗೆ ಇವತ್ತಿಗೂ ಮರೆಯದ ಮಾತು 2015ರ ಮಾರ್ಚ್ 17ರ ಚುನಾವಣೆಯ ದಿನದ್ದು. ಅರಬ್ ಮತದಾರರು ಹಿಂಡು ಹಿಂಡಾಗಿ ಮತಗಟ್ಟೆಗೆ ಬರುತ್ತಿದ್ದಾರೆ ಅಂತ ನೆತನ್ಯಾಹು ವಿಡಿಯೋ ಹಾಕಿ ತಮ್ಮವರನ್ನು ಎಚ್ಚರಿಸಿದರು. ಗೆದ್ದ ಮೇಲೆ ಅರಬ್ ಮುಖಂಡರನ್ನು ಕರೆಸಿ ವಿಷಾದ ಹೇಳಿದರು. "ನಾನು ಅವತ್ತು ಕೆಲಸಕ್ಕೆ ಮೊದಲು ವೋಟು ಹಾಕಿ ಬಂದಿದ್ದೆ, ಬೇರೆ ಏನೂ ಮಾಡಿರಲಿಲ್ಲ" ಅಂತ ಔಷಧಿ ಕಟ್ಟುತ್ತಾ ಆ ಯಜಮಾನರು ನನಗೆ ಹೇಳಿದರು.

ಲೆಸ್ಟರ್ ಕನ್ನಡತಿ

ಕ್ಷಮೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಷ್ಟರಲ್ಲಿ ನನಗೆ ಸರಿ ಅನ್ನಿಸಿದ ಕ್ಷಮೆ ಬ್ರ್ಯಾಡ್‌ಫರ್ಡಿನ ಸಂಸದೆ ನಾಜ್ ಶಾ ಅವರದ್ದು. ಸಂಸದೆ ಆಗುವ ಮೊದಲು, 2014ರಲ್ಲಿ, ಇಸ್ರೇಲನ್ನು ಅಮೆರಿಕಕ್ಕೆ ಸಾಗಿಸಿಬಿಡಿ ಎಂಬ ಪೋಸ್ಟ್ ಹಂಚಿಕೊಂಡಿದ್ದರು. 2016ರ ಏಪ್ರಿಲ್‌ನಲ್ಲಿ ಅದು ಹೊರಗೆ ಬಂತು. "ಯಾರಿಗಾದರೂ ನೋವಾಗಿದ್ದರೆ" ಅಂತ ಸುತ್ತಿಬಳಸಲಿಲ್ಲ. ಸಂಸತ್ತಿನಲ್ಲಿ ಎದ್ದು ನಿಂತು ಪೂರ್ತಿ ಮನಸ್ಸಿನಿಂದ ಕ್ಷಮೆ ಕೇಳಿದರು. ಆಮೇಲೆ ಯಹೂದಿ ಸಮುದಾಯದವರ ಎದುರಿಗೇ ಹೋಗಿ ಕೂತು ಮಾತಾಡಿದರು. ಅಲ್ಲಿ ಎಷ್ಟೋ ಜನ ಅದನ್ನು ಒಪ್ಪಿಕೊಂಡರು. ಅದೇ ವಾರ ಅವರನ್ನು ಸಮರ್ಥಿಸಲು ಬಂದ ಲಂಡನ್ನಿನ ಮಾಜಿ ಮೇಯರ್, ಲೇಬರ್ ಪಕ್ಷದ ಕೆನ್ ಲಿವಿಂಗ್‌ಸ್ಟನ್ ರೇಡಿಯೋದಲ್ಲಿ ಹಿಟ್ಲರನ ಹೆಸರು ಎಳೆದು ತಂದು, ವರ್ಷಗಟ್ಟಲೆ ಅದನ್ನೇ ಸಮರ್ಥಿಸಿಕೊಂಡು, 2018ರಲ್ಲಿ ಪಕ್ಷವನ್ನೇ ಬಿಟ್ಟರು.

ಭಟ್ಕಳದ ಓದುಗ

ನಾಜ್ ಶಾ ಮಾಡಿದ್ದು ದೊಡ್ಡದು. ಆದರೆ ಗಾಜಾದವರ ಬಗ್ಗೆ ಆಡಿದ ಮಾತಿಗೆ ಅಂಥ ಕ್ಷಮೆ ಯಾರು ಕೇಳಿದರು ಅಂತ ಹುಡುಕುತ್ತಿದ್ದೇನೆ. 2023ರ ಅಕ್ಟೋಬರ್ 9ರಂದು ಇಸ್ರೇಲಿನ ಆಗಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್, ಕರೆಂಟಿಲ್ಲ, ಆಹಾರವಿಲ್ಲ, ಇಂಧನವಿಲ್ಲ, ನಾವು ಮನುಷ್ಯರೂಪದ ಪ್ರಾಣಿಗಳ ವಿರುದ್ಧ ಹೋರಾಡುತ್ತಿದ್ದೇವೆ ಅಂದರು. ಅಧ್ಯಕ್ಷ ಹೆರ್ಜಾಗ್, ಇಡೀ ಜನಾಂಗವೇ ಹೊಣೆ ಅಂದರು. ನವೆಂಬರಿನಲ್ಲಿ ಅಮಿಹಾಯ್ ಎಲಿಯಾಹು ಎಂಬ ಸಚಿವರು, ಅಣುಬಾಂಬು ಹಾಕುವುದೂ ಒಂದು ದಾರಿ ಅಂದರು. ನೆತನ್ಯಾಹು ಅವರನ್ನು ಸಂಪುಟ ಸಭೆಗಳಿಂದ ದೂರ ಇಟ್ಟರು, ಸಚಿವ ಸ್ಥಾನ ಹಾಗೇ ಉಳಿಯಿತು. ಗ್ಯಾಲಂಟ್ ಹೇಳಿದ್ದು ಹಮಾಸಿಗೆ ಮಾತ್ರ, ಹೆರ್ಜಾಗ್ ಮಾತನ್ನು ತಿರುಚಿದ್ದಾರೆ ಅಂತ ಆಮೇಲೆ ವಿವರಣೆ ಬಂತು. ಆದರೆ ಆಹಾರ ನಿಂತದ್ದು ಹಮಾಸಿಗೆ ಮಾತ್ರ ಅಲ್ಲ.

ಮೇಷ್ಟ್ರೇ, ಪದ ಹಿಡಿದು ಜಗಳ ಆಡುವುದು ವಿಷಯದಿಂದ ತಪ್ಪಿಸಿಕೊಳ್ಳುವ ದಾರಿ ಅಂದಿರಲ್ಲ. ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್ 29ರಂದು, ಇಸ್ರೇಲ್ ನರಮೇಧ ಮಾಡುತ್ತಿದೆ ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ ಇವೇ ಮಾತುಗಳನ್ನು ಸಾಕ್ಷಿಯಾಗಿ ಇಟ್ಟಿತು. 2024ರ ಜನವರಿ 26ರ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಗ್ಯಾಲಂಟ್, ಹೆರ್ಜಾಗ್ ಇಬ್ಬರ ಮಾತನ್ನೂ ಉದ್ಧರಿಸಿತು. ನರಮೇಧಕ್ಕೆ ನೇರ ಪ್ರಚೋದನೆ ಕೊಡುವವರನ್ನು ತಡೆಯಿರಿ, ಶಿಕ್ಷಿಸಿ ಅಂತ ಇಸ್ರೇಲಿಗೆ ಹೇಳಿತು. ನರಮೇಧ ನಡೆದಿದೆ ಅಂತ ಅದು ತೀರ್ಪು ಕೊಟ್ಟಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳುತ್ತೇನೆ.

ಧಾರವಾಡದ ಮೇಷ್ಟ್ರು

ತಮ್ಮಾ, ಆ ಆದೇಶವನ್ನು ನಾನು ಪತ್ರಿಕೆಯಲ್ಲಿ ಸಾರಾಂಶವಾಗಿ ಓದಿದ್ದೆ, ಮಾತುಗಳನ್ನೇ ಉದ್ಧರಿಸಿದ್ದಾರೆ ಅಂತ ಗಮನಿಸಿರಲಿಲ್ಲ. ಆ ಒಂದು ಆಕ್ಷೇಪವನ್ನು ನಾನು "ತಪ್ಪಿಸಿಕೊಳ್ಳುವ ದಾರಿ" ಅನ್ನುವುದಿಲ್ಲ. ಗುಟೆರಸ್ ಬಗ್ಗೆ ಹೇಳಿದ್ದು ಮಾತ್ರ ಹಾಗೇ ಇದೆ, ಅದರಲ್ಲಿ ರಾಜಿ ಇಲ್ಲ. ನಾಳೆ ಗ್ರಂಥಾಲಯದ ಓದುಗರ ಬಳಗದಲ್ಲಿ ಇದೇ ವಿಷಯ ಇಡುತ್ತೇನೆ. ತಂಗಿ, ನಿನ್ನ ಐರ್ಲೆಂಡಿನ ಪ್ರಸಂಗದಿಂದ ಶುರು ಮಾಡಲಾ?

ಡಬ್ಲಿನ್ ಮಂಗಳೂರು

ಖಂಡಿತ ಮಾಡಿ ಸರ್. ಆದರೆ ವರಾಡ್ಕರ್ ಹೇಳಿಕೆಯನ್ನು ಪೂರ್ತಿ ಓದಿ ಹೇಳಿ. ಮೊದಲ ಸಾಲಿಗೇ ನಿಲ್ಲಿಸಬೇಡಿ. ಏಳು ವಾರ ಸೆರೆಯಲ್ಲಿಟ್ಟಿದ್ದರು ಅನ್ನುವ ಸಾಲೂ ಇರಲಿ.